ಪಿಕಾಸಿ ಹೊರುವುದಕ್ಕೂ ಒಂದು ಕ್ರಮವುಂಟು



ಗೊಬ್ಬರ, ಔಷಧಿ, ಧಾರಣೆಗಳ ವಿಚಾರವಾಗಿ ಈ ಪತ್ರಿಕೆಯಲ್ಲಿ ನಾವು ಎಷ್ಟೋ ಬಾರಿ ಬರೆದಿದ್ದೇವೆ. ಆದರೆ ಅಗೆಯುವ ಹತಾರವನ್ನು ಮನೆಯಿಂದ ತೋಟಕ್ಕೆ ಹೇಗೆ ಒಯ್ಯಬೇಕು ಎಂಬ ಬಗ್ಗೆ ಇದುವರೆಗೆ ಒಂದು ಸಾಲನ್ನೂ ಬರೆದಿಲ್ಲ. ಅದೂ ಬರೆಯುವಂಥ ವಿಷಯವೇ ಎಂದು ನಮಗೇ ಅನ್ನಿಸಿತ್ತು. ಕಳೆದ ಬೇಸಿಗೆಯಲ್ಲಿ ನಮ್ಮ ತೋಟದಲ್ಲಿಯೇ ನಡೆದ ಒಂದು ಅವಘಡ ಆ ಅಭಿಪ್ರಾಯವನ್ನು ಬದಲಿಸಿತು.

ಹಳೆಯ ಬಾವಿಯಿಂದ ತೋಟಕ್ಕೆ ಹಿರಿಯರ ಕಾಲದಲ್ಲಿ ಕಬ್ಬಿಣದ ಕೊಳವೆ ಹಾಕಿಸಿದ್ದರು. ಅದರ ವಾಲ್ವು ಎಲ್ಲಿದೆ ಎಂಬುದು ಬದುಕಿರುವ ಯಾರಿಗೂ ನೆನಪಿರಲಿಲ್ಲ. ಹನಿ ನೀರಾವರಿಗೆ ಜೋಡಿಸಲು ಅದು ಬೇಕಾಯಿತು. ನೆಲದೊಳಗಿನ ಲೋಹವನ್ನು ಪತ್ತೆ ಹಚ್ಚುವ ಯಂತ್ರವೊಂದನ್ನು ಬಾಡಿಗೆಗೆ ತಂದು ಹುಡುಕಲು ಹೊರಟೆವು. ಯಂತ್ರ ಹಿಡಿದವರು ಮುಂದೆ, ಪಿಕಾಸಿ ಹೆಗಲಿಗೇರಿಸಿಕೊಂಡ ಆಳು ಹಿಂದೆ. ಉದುರಿದ ಸೋಗೆ ಮುಚ್ಚಿದ್ದ ಹನಿ ಪೈಪು ಆಳಿನ ಕಾಲಿಗೆ ತೊಡರಿತು. ಆತ ಮುಗ್ಗರಿಸಿದಾಗ ಹೆಗಲ ಮೇಲಿನ ಪಿಕಾಸಿ ಜಾರಿ, ಅದರ ಮೊನೆ ಆತನದೇ ಮೀನಖಂಡಕ್ಕೆ ಇಳಿಯಿತು. ಎಂಟು ಹೊಲಿಗೆ ಬಿದ್ದವು. ಮೂರು ವಾರ ಆತ ಕೆಲಸಕ್ಕೆ ಬರಲಾಗಲಿಲ್ಲ. ಆಸ್ಪತ್ರೆಯ ಖರ್ಚನ್ನೂ ಆ ದಿನಗಳ ಕೂಲಿಯನ್ನೂ ನಾವು ಕೊಟ್ಟೆವೆಂಬುದು ನಿಜ. ಆದರೆ ಆತನನ್ನು ಹಾಗೆ ನಡೆಯಲು ಬಿಟ್ಟವರೂ ನಾವೇ. ನಾವು ಚಿಕ್ಕಂದಿನಿಂದ ಕಂಡದ್ದೂ ಮಾಡಿದ್ದೂ ಅದನ್ನೇ. ತಪ್ಪು ಆಳಿನದಲ್ಲ, ರೂಢಿಯದು.

ಅಂದಿನಿಂದ ಈ ವಿಷಯವನ್ನು ಸ್ವಲ್ಪ ಯೋಚಿಸಿ, ತೋಟದಲ್ಲಿ ಬೇರೆ ಬೇರೆ ರೀತಿಯಲ್ಲಿ ಹೊತ್ತು ನೋಡಿ, ತಿಳಿದುಕೊಂಡದ್ದನ್ನು ಇಲ್ಲಿ ಸದಸ್ಯರ ಮುಂದಿಡುತ್ತಿದ್ದೇವೆ.

ಹೆಗಲು ಏಕೆ ನೋಯುತ್ತದೆ?

ಹೊಳಲ್ಕೆರೆ, ಹೊಸದುರ್ಗದ ಕಡೆಯ ಗರಸು ಮಿಶ್ರಿತ ಕೆಂಪು ನೆಲಕ್ಕೆ ಬೇಸಿಗೆಯಲ್ಲಿ ಗುದ್ದಲಿ ಇಳಿಯುವುದಿಲ್ಲ. ಹಿರಿಯೂರು ಭಾಗದ ಎರೆ ಭೂಮಿಯೂ ಒಣಗಿದರೆ ಕಲ್ಲಿನಂತಾಗುತ್ತದೆ. ಆದ್ದರಿಂದ ಪಿಕಾಸಿ ಇಲ್ಲದ ತೋಟದ ಮನೆ ನಮ್ಮ ಜಿಲ್ಲೆಯಲ್ಲಿ ಅಪರೂಪ. ಅದರ ಕಬ್ಬಿಣದ ತಲೆ ಸಾಮಾನ್ಯವಾಗಿ ಎರಡೂವರೆ ಮೂರು ಕೆ.ಜಿ. ತೂಗುತ್ತದೆ. ಕಾವು ಸುಮಾರು ಮೂರು ಅಡಿ. ಹತ್ತು ಕೆ.ಜಿ. ಗೊಬ್ಬರವನ್ನು ನಿರಾಯಾಸವಾಗಿ ಹೊರುವ ಮನುಷ್ಯ ಇಷ್ಟು ಹಗುರಾದ ಪಿಕಾಸಿಯನ್ನು ಹೊತ್ತು ಅರ್ಧ ಮೈಲಿ ನಡೆಯುವಷ್ಟರಲ್ಲಿ ಹೆಗಲು ಬದಲಾಯಿಸುವುದೇಕೆ?

ಏತವನ್ನು ಕಂಡವರಿಗೆ ಇದಕ್ಕೆ ಉತ್ತರ ಸುಲಭವಾಗಿ ತಿಳಿಯುತ್ತದೆ. ಹೆಗಲೇ ಏತದ ಕಂಬ. ಹಿಂದೆ ಕಬ್ಬಿಣದ ತಲೆ, ಮುಂದೆ ಕಾವನ್ನು ಕೆಳಕ್ಕೆ ಒತ್ತಿ ಹಿಡಿದ ಕೈ. ಮೂರು ಕೆ.ಜಿ.ಯ ತಲೆ ಹೆಗಲಿನಿಂದ 24 ಅಂಗುಲ ಹಿಂದಿದ್ದು, ಕೈ 12 ಅಂಗುಲ ಮುಂದಿದ್ದರೆ, ಸಮತೋಲ ಕಾಯಲು ಕೈ 6 ಕೆ.ಜಿ.ಯಷ್ಟು ಒತ್ತಬೇಕಾಗುತ್ತದೆ. ತಲೆಯ ತೂಕ, ಕೈಯ ಒತ್ತಡ ಎರಡೂ ಸೇರಿ ಹೆಗಲ ಮೇಲೆ ಬೀಳುವ ಭಾರ 9 ಕೆ.ಜಿ. ಕಾವಿನ ತೂಕವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಅದೇ ತಲೆಯನ್ನು ಹೆಗಲಿನ ಹತ್ತಿರ, ಕೇವಲ 6 ಅಂಗುಲ ಹಿಂದೆ ಇಟ್ಟು, ಕೈಯನ್ನು 24 ಅಂಗುಲ ಮುಂದೆ ಹಿಡಿದರೆ, ಕೈ ಮುಕ್ಕಾಲು ಕೆ.ಜಿ. ಒತ್ತಿದರೆ ಸಾಕು. ಹೆಗಲಿನ ಭಾರ 3 ಮುಕ್ಕಾಲು ಕೆ.ಜಿ.ಗೆ ಇಳಿಯುತ್ತದೆ. ಹತಾರ ಒಂದೇ, ಹಿಡಿಯುವ ಕ್ರಮದಿಂದ ಭಾರ ಎರಡೂವರೆ ಪಟ್ಟು ಹೆಚ್ಚುಕಡಿಮೆಯಾಗುತ್ತದೆ.

ಹಾಗಾದರೆ ತಲೆಯನ್ನು ಹೆಗಲಿಗೆ ಹತ್ತಿರ ಹಿಡಿಯಬಹುದಲ್ಲವೇ ಎಂದು ಕೇಳಬಹುದು. ಗುದ್ದಲಿಯಾದರೆ ಹಿಡಿಯಬಹುದು. ಅದರ ಅಲಗು ಚಪ್ಪಟೆಯಾಗಿ ಬೆನ್ನಿನ ಹಿಂದೆ ಇಳಿದಿರುತ್ತದೆ. ಪಿಕಾಸಿಗೆ ಎರಡು ಕಡೆಯೂ ಕೊಂಬುಗಳು. ಹತ್ತಿರ ಹಿಡಿದರೆ ಒಂದು ಮೊನೆ ಬೆನ್ನಿಗೆ ತಿವಿಯುತ್ತದೆ, ಇನ್ನೊಂದು ಕಿವಿಯ ಪಕ್ಕದಲ್ಲಿ ನಿಲ್ಲುತ್ತದೆ. ಆ ಭಯಕ್ಕೇ ನಾವು ತಲೆಯನ್ನು ದೂರ ಚಾಚುತ್ತೇವೆ, ದೂರ ಚಾಚಿದ ಕಾರಣಕ್ಕೇ ಹೆಗಲು ನೋಯುತ್ತದೆ, ಹಿಂದೆ ಬರುವವರ ಮುಖಕ್ಕೂ ಅಪಾಯ. ಸಾರಾಂಶವೆಂದರೆ, ಬಯಲು ದಾರಿಯಲ್ಲಿ ಗುದ್ದಲಿಯನ್ನು ಹೆಗಲ ಮೇಲೆ ಇಡಬಹುದು. ಪಿಕಾಸಿಗೆ ಹೆಗಲು ತಕ್ಕ ಜಾಗವಲ್ಲ.

ಕೈಯಲ್ಲಿ ಹಿಡಿದು ನಡೆಯುವ ಬಗೆ

ತೋಟದೊಳಗೆ ಓಡಾಡುವಾಗ ಪಿಕಾಸಿಯನ್ನು ತಲೆಯ ಬುಡದಲ್ಲಿಯೇ ಕಾವಿನ ಮೇಲೆ ಹಿಡಿದು, ತೋಳನ್ನು ಸಹಜವಾಗಿ ಪಕ್ಕಕ್ಕೆ ಇಳಿಬಿಡಬೇಕು. ಕಾವು ಓರೆಯಾಗಿ ಹಿಂದಕ್ಕೆ ಇಳಿದಿರಲಿ. ಒಂದು ಮೊನೆ ಮುಂದಕ್ಕೆ ನೆಲದ ಕಡೆ, ಇನ್ನೊಂದು ಹಿಂದಕ್ಕೆ ಇರಲಿ. ಯಾವ ಮೊನೆಯೂ ನಮ್ಮ ತೊಡೆಯ ಕಡೆಗೆ ತಿರುಗಿರಬಾರದು. ಹೀಗೆ ಹಿಡಿದಾಗ ತೂಕವೆಲ್ಲ ಕೈಯ ನೇರ ಕೆಳಗೆ ಬರುವುದರಿಂದ ಏತದ ಲೆಕ್ಕವೇ ಇಲ್ಲ. ಕೈ ಸೋತರೆ ಇನ್ನೊಂದು ಕೈಗೆ ಬದಲಾಯಿಸಿದರಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಎಡವಿದಾಗ ಹತಾರವನ್ನು ಪಕ್ಕಕ್ಕೆ ಎಸೆಯಲು ಬರುತ್ತದೆ. ಹೆಗಲ ಮೇಲಿನದನ್ನು ಹಾಗೆ ಎಸೆಯಲಾಗುವುದಿಲ್ಲ.

ಇಳಿಜಾರಿನಲ್ಲಿ ಅಡ್ಡಲಾಗಿ ನಡೆಯುವಾಗ ಹತಾರ ಯಾವಾಗಲೂ ತಗ್ಗಿನ ಕಡೆಯ ಕೈಯಲ್ಲಿರಬೇಕು. ಮಲೆನಾಡಿನ ಕಾಫಿ ತೋಟಗಳ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಾಲು ಜಾರಿದರೆ ಹತಾರ ತಗ್ಗಿಗೆ ಬೀಳುತ್ತದೆ, ನಾವು ಅದರ ಮೇಲೆ ಬೀಳುವುದಿಲ್ಲ. ಸಾಲಾಗಿ ನಡೆಯುವಾಗ ಒಬ್ಬರಿಗೂ ಇನ್ನೊಬ್ಬರಿಗೂ ಹತ್ತು ಅಡಿ ಅಂತರವಿರಲಿ. ಒಂಬತ್ತು ಅಡಿ ಅಂತರದ ಅಡಿಕೆ ತೋಟದಲ್ಲಿ ಒಂದು ಮರ ಬಿಟ್ಟು ನಡೆಯಿರಿ ಎಂದರೆ ಆಳುಗಳಿಗೆ ಸುಲಭವಾಗಿ ಅರ್ಥವಾಗುತ್ತದೆ.

ಹಾರೆಯ ವಿಷಯದಲ್ಲಿ ಇನ್ನೊಂದು ಮಾತು. ಐದು ಅಡಿ ಉದ್ದ, ಒಂದು ಅಂಗುಲ ದಪ್ಪದ ಹಾರೆ ಸುಮಾರು 6 ಕೆ.ಜಿ. ತೂಗುತ್ತದೆ. ಅದನ್ನು ನಡುಮಧ್ಯದಲ್ಲಿ ಹಿಡಿದು ನೆಲಕ್ಕೆ ಸಮನಾಗಿ ಒಯ್ಯಬೇಕು. ಪಂಪ್‌ಸೆಟ್ಟಿನ ವಿದ್ಯುತ್ ತಂತಿ ತೋಟದ ಮೇಲೆ ಜೋತುಬಿದ್ದಿರುವ ಕಡೆ ಹಾರೆಯನ್ನಾಗಲಿ, ಕೊನೆ ಕೊಯ್ಯುವ ಅಲ್ಯೂಮಿನಿಯಂ ದೋಟಿಯನ್ನಾಗಲಿ ನೆಟ್ಟಗೆ ಎತ್ತಿ ಹಿಡಿದು ನಡೆಯಲೇ ಕೂಡದು.

ದೂರದ ದಾರಿಗೆ: ತಲೆ ಬೇರೆ, ಕಾವು ಬೇರೆ

ಅಂಗಡಿಯಲ್ಲಿ ಸಿಗುವ ಹೆಚ್ಚಿನ ಪಿಕಾಸಿಗಳ ಕಾವು ತಲೆಯ ಕಡೆ ದಪ್ಪ, ಹಿಡಿಯ ಕಡೆ ಸಣ್ಣ. ತಲೆಯನ್ನು ಹಿಡಿಯ ಕಡೆಯಿಂದ ಪೋಣಿಸಿ ಮೇಲಕ್ಕೆ ತಂದರೆ ದಪ್ಪ ಭಾಗದಲ್ಲಿ ಬಿಗಿಯಾಗಿ ಕೂರುತ್ತದೆ. ಬಳಸಿದಷ್ಟೂ ಬಿಗಿಯಾಗುವುದೇ ಇದರ ವಿಶೇಷ. ಬಿಡಿಸಬೇಕಾದರೆ ತಲೆ ಮೇಲಿರುವಂತೆ ನೆಟ್ಟಗೆ ಹಿಡಿದು, ಹಿಡಿಯ ತುದಿಯನ್ನು ಕಲ್ಲಿನ ಮೇಲೆ ನಾಲ್ಕಾರು ಸಾರಿ ಕುಟ್ಟಿದರೆ ತಲೆ ಸಡಿಲಗೊಂಡು ಕೆಳಗೆ ಸರಿಯುತ್ತದೆ. ಆಗ ಹಿಡಿದ ಕೈ ಅದರ ದಾರಿಯಲ್ಲಿ ಇರದಂತೆ ಎಚ್ಚರ ವಹಿಸಬೇಕು. ಬಿಡಿಸಿದ ತಲೆಯನ್ನು ಗೋಣಿಚೀಲದಲ್ಲಿ ಸುತ್ತಿ, ಹಳೆಯ ಮಂಚದ ನವಾರ ಪಟ್ಟಿ ಕಟ್ಟಿ ಓರೆಯಾಗಿ ಹೆಗಲಿಗೆ ಹಾಕಿಕೊಂಡರೆ ಭಾರ ಸೊಂಟದ ಬಳಿ ಬಂದು ಕೂರುತ್ತದೆ. ಕಾವು ಊರುಗೋಲಾಗುತ್ತದೆ. ದೂರದ ತೋಟಕ್ಕೆ ನಡೆದು ಹೋಗುವವರಿಗೆ ಇದಕ್ಕಿಂತ ಸುಖವಾದ ವಿಧಾನವನ್ನು ನಾವು ಕಂಡಿಲ್ಲ.

ಊರಿನಲ್ಲಿ ಕಾವು ಹಾಕಿಸಿ ಬೆಣೆ ಹೊಡೆಸಿದ ಪಿಕಾಸಿಗಳಿಗೆ ಈ ಅನುಕೂಲವಿಲ್ಲ. ಅವಕ್ಕೆ ಮೊನೆಗಳನ್ನು ಮುಚ್ಚುವುದೇ ದಾರಿ. ಬೇಸಿಗೆಯಲ್ಲಿ ಕಾವಿನ ಮರ ಒಣಗಿ ತಲೆ ಅಲುಗಾಡುತ್ತದೆ. ನೀರಿನಲ್ಲಿ ನೆನೆಸಿದರೆ ಆ ದಿನಕ್ಕೆ ಬಿಗಿಯಾದರೂ ಮತ್ತೆ ಸಡಿಲಾಗುತ್ತದೆ. ಬೆಣೆಯನ್ನು ಬದಲಾಯಿಸುವುದೇ ಸರಿಯಾದ ಉಪಾಯ.

ಅಡಿಕೆ ಹಾಳೆಯ ಒರೆ

ಮೊನೆ ಮುಚ್ಚಲು ನಮ್ಮ ತೋಟದಲ್ಲಿ ದುಡ್ಡು ಕೊಡದೆ ಸಿಗುವ ವಸ್ತು ಹಾಳೆ. ಒಳ್ಳೆಯ ಹಾಳೆಯೊಂದನ್ನು ಮೆತ್ತಗಾಗುವವರೆಗೆ ನೀರಿನಲ್ಲಿ ನೆನೆಹಾಕಿ, ಒಂದು ಗೇಣು ಅಗಲದ ತುಂಡು ಕತ್ತರಿಸಿ, ಮೊನೆಯ ಸುತ್ತ ಎರಡು ಸುತ್ತು ಸುತ್ತಿ, ತುದಿಯನ್ನು ಒಳಕ್ಕೆ ಮಡಚಬೇಕು. ತೆಂಗಿನ ಹುರಿಯಿಂದ ಎರಡು ಕಡೆ ಬಿಗಿದು, ಹತಾರದ ಮೇಲೆಯೇ ನೆರಳಿನಲ್ಲಿ ಒಣಗಲು ಬಿಟ್ಟರೆ ಅದೇ ಆಕಾರಕ್ಕೆ ಗಟ್ಟಿಯಾಗುತ್ತದೆ. ಒಣಗಿದ ಕೂಡಲೇ ಕಳಚಿ, ಕಬ್ಬಿಣಕ್ಕೆ ಎಣ್ಣೆ ಸವರಬೇಕು. ಇಲ್ಲದಿದ್ದರೆ ತೇವಕ್ಕೆ ತುಕ್ಕು ಹಿಡಿಯುತ್ತದೆ. ಹಾಳೆಯ ಒರೆ ಒಂದು ಮಳೆಗಾಲ ಕಳೆದರೆ ಹೆಚ್ಚು. ಬಹುಕಾಲ ಬರಬೇಕೆಂದರೆ ಹಳೆಯ ರಬ್ಬರ್ ಹೋಸ್ ಪೈಪಿನ ಒಂದು ಗೇಣು ತುಂಡನ್ನು ಮೊನೆಗೆ ಸಿಕ್ಕಿಸಿ, ಎರಡು ಕಡೆಯ ತುಂಡುಗಳನ್ನೂ ಸೈಕಲ್ ಟ್ಯೂಬಿನ ಪಟ್ಟಿಯಿಂದ ಒಂದಕ್ಕೊಂದು ಎಳೆದು ಕಟ್ಟಬಹುದು.

ಸೊಂಟದಲ್ಲಿ ಹತಾರ ಇಟ್ಟುಕೊಳ್ಳುವ ಪದ್ಧತಿಯೂ ನಮ್ಮ ನಾಡಿಗೆ ಹೊಸದಲ್ಲ. ಕರಾವಳಿ, ಮಲೆನಾಡಿನ ಕಡೆ ಕತ್ತಿ ಸಿಕ್ಕಿಸುವ ಕೊಕ್ಕೆಯನ್ನು ಸೊಂಟದ ಹಿಂಭಾಗಕ್ಕೆ ಕಟ್ಟಿಕೊಳ್ಳುವುದನ್ನು ಅನೇಕರು ನೋಡಿರಬಹುದು. ಎರಡು ಕೈಯೂ ಖಾಲಿ ಇರುತ್ತವೆ, ಬಾಗಿದರೂ ಕತ್ತಿ ಹೊಟ್ಟೆಗೆ ತಾಗುವುದಿಲ್ಲ, ಬೇಕೆಂದಾಗ ನೋಡದೆಯೇ ಕೈಗೆ ಸಿಗುತ್ತದೆ. ಒಂದೂವರೆ ಅಡಿ ಕಾವಿನ ಸಣ್ಣ ಕೈಪಿಕಾಸಿಗೂ ಇದೇ ಉಪಾಯ ಒಪ್ಪುತ್ತದೆ. ಗಟ್ಟಿ ಬೆಲ್ಟಿಗೆ ಕಬ್ಬಿಣದ ಬಳೆಯೊಂದನ್ನು ಹೊಲಿಸಿ, ಕಾವನ್ನು ಅದರೊಳಗೆ ಇಳಿಬಿಟ್ಟರೆ ತಲೆ ಬಳೆಯ ಮೇಲೆ ಕೂರುತ್ತದೆ. ಬಳೆ ಸೊಂಟದ ಪಕ್ಕದಲ್ಲಿದ್ದರೆ ಕಾವು ಹೆಜ್ಜೆಹೆಜ್ಜೆಗೂ ಮೊಣಕಾಲಿಗೆ ಬಡಿಯುತ್ತದೆ. ಸ್ವಲ್ಪ ಹಿಂದಕ್ಕೆ ಸರಿಸಿದರೆ ಆ ತೊಂದರೆಯಿಲ್ಲ. ಮೊನೆಗೆ ಒರೆ ಮಾತ್ರ ತಪ್ಪಬಾರದು. ಹೀಗೆ ಕಟ್ಟಿಕೊಂಡು ಬೈಕಿನ ಮೇಲಾಗಲಿ, ಟ್ರ್ಯಾಕ್ಟರ್ ಸೀಟಿನ ಮೇಲಾಗಲಿ ಕೂರಬಾರದು.

ಲೋಹ ಹುಡುಕುವ ಯಂತ್ರದೊಂದಿಗೆ

ಇನ್ನು ನಮ್ಮ ತೋಟದ ಪ್ರಸಂಗಕ್ಕೆ ಮರಳೋಣ. ಹೂತುಹೋದ ವಾಲ್ವು, ಕೊಳವೆಬಾವಿಯ ಕೇಸಿಂಗ್, ಸೋಗೆಯಡಿ ಕಳೆದುಹೋದ ಕುಡುಗೋಲು ಹುಡುಕಲು ಈ ಯಂತ್ರ ಉಪಯೋಗಕ್ಕೆ ಬರುತ್ತದೆ. ಅದರ ಕೆಳತುದಿಯ ಬಳೆಯಲ್ಲಿ ತಂತಿಯ ಸುರುಳಿಯಿದೆ. ವಿದ್ಯುತ್ ಹರಿದಾಗ ಸುತ್ತಲೂ ಏರಿಳಿಯುವ ಕಾಂತಕ್ಷೇತ್ರ ಉಂಟಾಗುತ್ತದೆ. ಹತ್ತಿರದಲ್ಲಿ ಲೋಹವಿದ್ದರೆ ಅದರಲ್ಲಿಯೂ ಸಣ್ಣ ವಿದ್ಯುತ್ ಸುಳಿಗಳು ಹುಟ್ಟಿ, ಯಂತ್ರ ಅದನ್ನು ಗ್ರಹಿಸಿ ಸದ್ದು ಮಾಡುತ್ತದೆ. ಆ ಲೋಹ ನೆಲದೊಳಗಿನದೋ ನಮ್ಮ ಕೈಯಲ್ಲಿರುವ ಪಿಕಾಸಿಯದೋ ಎಂಬುದು ಯಂತ್ರಕ್ಕೆ ತಿಳಿಯದು. ನಮ್ಮ ತೋಟದಲ್ಲಿ ಮೊದಲ ಅರ್ಧ ಗಂಟೆ ಸುಮ್ಮಸುಮ್ಮನೆ ಸದ್ದು ಬಂದು ನಾಲ್ಕು ಕಡೆ ವ್ಯರ್ಥವಾಗಿ ಅಗೆದದ್ದು ಇದೇ ಕಾರಣಕ್ಕೆ. ಆಳು ಪಿಕಾಸಿಯನ್ನು ಯಂತ್ರದ ಪಕ್ಕದಲ್ಲಿಯೇ ಊರಿ ನಿಲ್ಲುತ್ತಿದ್ದ.

ಒಬ್ಬರೇ ಹುಡುಕುವುದಾದರೆ ಯಂತ್ರ ಬಲಗೈಯಲ್ಲಿರುವಾಗ ಕೈಪಿಕಾಸಿ ಎಡಸೊಂಟದ ಹಿಂದಿರಬೇಕು. ಹೊರಡುವ ಮುನ್ನ ಲೋಹವಿಲ್ಲದ ಜಾಗದಲ್ಲಿ ಯಂತ್ರವನ್ನು ಒಮ್ಮೆ ಪಿಕಾಸಿಯಿಲ್ಲದೆ, ಒಮ್ಮೆ ಪಿಕಾಸಿ ಕಟ್ಟಿಕೊಂಡು ಆಡಿಸಿ ನೋಡಿದರೆ ಅದು ತೊಂದರೆ ಕೊಡುತ್ತದೆಯೋ ಇಲ್ಲವೋ ತಿಳಿಯುತ್ತದೆ. ದೊಡ್ಡ ಪಿಕಾಸಿಯಾದರೆ ಹಿಂದೆ ಹತ್ತು ಅಡಿ ದೂರದಲ್ಲಿ ನೆಲದ ಮೇಲೆ ಮಲಗಿಸಿಟ್ಟು, ಗುರುತು ಮಾಡಿದ ಮೇಲೆ ತರುವುದು ಲೇಸು. ಪಿ.ವಿ.ಸಿ. ಕೊಳವೆಯನ್ನು ಈ ಯಂತ್ರ ಕಾಣಲಾರದು. ಆದ್ದರಿಂದ ಹೊಸದಾಗಿ ಕೊಳವೆ ಹೂಳುವವರು ಅದರ ಜೊತೆಗೆ ಒಂದೆಳೆ ಜಿ.ಐ. ತಂತಿಯನ್ನು ಹಾಸಿ, ವಾಲ್ವಿನ ಬಳಿ ಗುರುತಿನ ಕಲ್ಲು ನೆಟ್ಟರೆ ಮುಂದಿನವರಿಗೆ ನಮ್ಮ ಪಾಡು ಬರುವುದಿಲ್ಲ.

ಎರಡನ್ನೂ ಒಯ್ಯಬಾರದ ಜಾಗ

ಇಂಗ್ಲೆಂಡಿನಲ್ಲಿ ಸಾವಿರಾರು ಜನ ಹವ್ಯಾಸಕ್ಕಾಗಿ ಇಂಥ ಯಂತ್ರ ಹಿಡಿದು, ಸೊಂಟದಲ್ಲಿ ಸಣ್ಣ ಪಿಕಾಸಿ ಕಟ್ಟಿಕೊಂಡು, ಹೊಲದ ಒಡೆಯರ ಅನುಮತಿ ಪಡೆದು ಹಳೆಯ ನಾಣ್ಯ ಹುಡುಕುತ್ತಾರೆ. ಸಿಕ್ಕ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕೆಂದು ಅಲ್ಲಿ 1996ರ ಕಾಯಿದೆಯೇ ಇದೆ. ನಮ್ಮ ಜಿಲ್ಲೆಯಲ್ಲಿ ಅದನ್ನು ಅನುಕರಿಸಲು ಹೋಗಬಾರದು. ಇಲ್ಲಿ ಯಂತ್ರ ಮತ್ತು ಪಿಕಾಸಿ ಎರಡನ್ನೂ ಹಿಡಿದು ಗುಡ್ಡ ಹತ್ತುವವರನ್ನು ಜನ ನಿಧಿಗಳ್ಳರೆಂದೇ ತಿಳಿಯುತ್ತಾರೆ. ಹಾಗೆ ತಿಳಿಯಲು ಕಾರಣವೂ ಇದೆ. ನಿಧಿಯಾಸೆಗೆ ಬುಡಮೇಲಾದ ಹಾಳು ಗುಡಿಗಳನ್ನೂ ಒಡೆದ ವೀರಗಲ್ಲುಗಳನ್ನೂ ನಾವೆಲ್ಲ ಕಂಡವರೇ.

ದುರ್ಗದ ಕೋಟೆಯ ಪಕ್ಕದ ಚಂದ್ರವಳ್ಳಿಯನ್ನು ನೋಡಿ. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಲ್ಲಿ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯಗಳೂ ದೊರೆತವು. ಎರಡು ಸಾವಿರ ವರ್ಷಗಳ ಹಿಂದೆ ನಮ್ಮೂರಿನ ವ್ಯಾಪಾರ ಸಮುದ್ರದಾಚೆಗೂ ಹಬ್ಬಿತ್ತೆಂಬುದು ತಿಳಿದದ್ದು ನಾಣ್ಯದಿಂದಷ್ಟೇ ಅಲ್ಲ. ಅದು ಯಾವ ಮಣ್ಣಿನ ಪದರದಲ್ಲಿ, ಯಾವ ಮಡಕೆ ಚೂರಿನ ಜೊತೆ ಸಿಕ್ಕಿತೆಂಬುದರಿಂದ. ಅವಸರದ ಒಂದು ಪಿಕಾಸಿ ಏಟು ಆ ಪದರವನ್ನು ಕಲಸಿಬಿಟ್ಟರೆ ನಾಣ್ಯ ಉಳಿದರೂ ಅದು ಹೇಳುವ ಕಥೆ ಉಳಿಯುವುದಿಲ್ಲ. ರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕೇಂದ್ರ ಕಾಯಿದೆಯಂತೆ ಅಪರಾಧ. ಸ್ವಂತ ತೋಟದಲ್ಲಿ ಅಡಿಕೆ ಗುಣಿ ತೋಡುವಾಗ ಹಳೆಯ ನಾಣ್ಯವೋ ಒಡವೆಯೋ ಕಂಡರೂ ಅಲ್ಲಿಗೆ ಕೆಲಸ ನಿಲ್ಲಿಸಿ, ಅದು ಇದ್ದಂತೆಯೇ ಬಿಟ್ಟು, ತಹಸೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು.

ಗಾಯವಾದರೆ

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಪೆಟ್ಟು ತಪ್ಪುವುದಿಲ್ಲ. ಗಾಯವನ್ನು ಶುದ್ಧ ನೀರು, ಸಾಬೂನಿನಿಂದ ತೊಳೆದು, ಒಗೆದ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಒಯ್ಯಬೇಕು. ರಕ್ತ ಚಿಮ್ಮುತ್ತಿದ್ದರೆ ತೊಳೆಯುತ್ತ ಕೂರದೆ ಮೊದಲು ಗಟ್ಟಿಯಾಗಿ ಒತ್ತಬೇಕು. ಕಾಫಿಪುಡಿ, ಅರಿಶಿನ ತುಂಬುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಅದರಿಂದ ಗಾಯ ಕೊಳಕಾಗುತ್ತದೆ, ವೈದ್ಯರಿಗೆ ತೊಳೆಯುವ ಕೆಲಸ ಹೆಚ್ಚುತ್ತದೆ. ಸಗಣಿ ಗೊಬ್ಬರ ಬೆರೆತ ತೋಟದ ಮಣ್ಣಿನಲ್ಲಿ ಧನುರ್ವಾಯುವಿನ ಬೀಜಾಣುಗಳಿರುತ್ತವೆ. ಪಿಕಾಸಿಯ ಗಾಯ ಮೇಲೆ ಸಣ್ಣದಾಗಿ ಕಂಡರೂ ಒಳಗೆ ಆಳವಾಗಿರುವುದರಿಂದ ಅಪಾಯ ಹೆಚ್ಚು. ಚುಚ್ಚುಮದ್ದಿನ ಬಗ್ಗೆ ಅಂದೇ ವೈದ್ಯರನ್ನು ಕೇಳಬೇಕು.

ಕೊಯ್ಲು ಆರಂಭವಾಗುವ ಮೊದಲು ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು, ಹತಾರಗಳನ್ನೆಲ್ಲ ಅಂಗಳಕ್ಕೆ ತಂದು, ಕಾವು ನೋಡಿ, ಬೆಣೆ ನೋಡಿ, ಮೊನೆಗೆ ಒರೆ ಮಾಡಿಸಿ. ಆಳುಗಳನ್ನೂ ಜೊತೆಗೆ ಕೂರಿಸಿಕೊಳ್ಳಿ. ದಿನವೂ ಹೊರುವವರು ಅವರು. ನಮಗೆ ತೋಚದ ಉಪಾಯ ಅವರಿಗೆ ತೋಚೀತು. ನಮ್ಮ ತೋಟದಲ್ಲಿ ಎರಡು ತುಂಡು ರಬ್ಬರ್ ಪೈಪನ್ನು ಟ್ಯೂಬಿನ ಪಟ್ಟಿಯಿಂದ ಜೋಡಿಸುವ ಉಪಾಯ ಹೇಳಿಕೊಟ್ಟದ್ದು ಮೀನಖಂಡಕ್ಕೆ ಪೆಟ್ಟು ಮಾಡಿಕೊಂಡ ಆ ಆಳೇ. ಸದಸ್ಯರು ತಮ್ಮಲ್ಲಿ ರೂಢಿಯಲ್ಲಿರುವ ಬೇರೆ ವಿಧಾನಗಳನ್ನು ಸಂಘದ ಕಚೇರಿಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

— ಕಾರ್ಯದರ್ಶಿ